ಸಂಗಾತಿಯ ವೀಸಾಕ್ಕೆ ಸಂಬಳದ ಜಾಮೀನು

ಸಾಲಕ್ಕೆ ಜಾಮೀನು ನಿಲ್ಲುವ ಕಷ್ಟ ನಮ್ಮಲ್ಲಿ ಯಾರಿಗೆ ಗೊತ್ತಿಲ್ಲ? ಸಾಲಗಾರ ಕೈಕೊಟ್ಟರೆ ಜಾಮೀನುದಾರ ತೆರಬೇಕು. ಕಟ್ಟಿಕೊಂಡ ಹೆಂಡತಿಗೋ ಗಂಡನಿಗೋ ಇಂಥದೇ ಜಾಮೀನು ಕೇಳುವ ದೇಶ ಅಮೆರಿಕ. ಅಲ್ಲಿನ ಪೌರರಾಗಲಿ, ಗ್ರೀನ್ ಕಾರ್ಡ್ ಪಡೆದ ಕಾಯಂ ನಿವಾಸಿಗಳಾಗಲಿ ಪರದೇಶದ ಸಂಗಾತಿಯನ್ನು ನೆಲೆಸಲು ಕರೆಸಿಕೊಳ್ಳಬೇಕಾದರೆ ಮದುವೆಯ ಸರ್ಟಿಫಿಕೇಟು ಒಂದೇ ಸಾಲದು. ಸಾಕುವ ಶಕ್ತಿ ತಮಗಿದೆ ಎಂದು ಆದಾಯದ ದಾಖಲೆ ಸಮೇತ ಐ-864 ಎಂಬ ನಮೂನೆಗೆ ಸಹಿ ಹಾಕಬೇಕು. ಈ ಕಾಗದದ ಹಿಂದೆ ಒಂದು ಶತಮಾನಕ್ಕೂ ಮೀರಿದ ಇತಿಹಾಸವಿದೆ.

19ನೇ ಶತಮಾನದ ಆರಂಭದಲ್ಲಿ ವಲಸಿಗರ ಉಸ್ತುವಾರಿ ಆಯಾ ರಾಜ್ಯಗಳದ್ದಾಗಿತ್ತು. ಬಂದಿಳಿದವರು ಅನಾಥಾಲಯ, ಆಸ್ಪತ್ರೆ ಸೇರಿದರೆ ಖರ್ಚು ಯಾರದು ಎಂಬ ಚಿಂತೆಯಿಂದ ನ್ಯೂಯಾರ್ಕ್, ಮ್ಯಾಸಚೂಸೆಟ್ಸ್ ರಾಜ್ಯಗಳು ಹಡಗಿನವರಿಂದ ಮುಚ್ಚಳಿಕೆ ಬರೆಸಿಕೊಳ್ಳುತ್ತಿದ್ದವು, ಇಲ್ಲವೇ ಹಣ ವಸೂಲು ಮಾಡುತ್ತಿದ್ದವು. ಇದು ರಾಜ್ಯಗಳ ಅಧಿಕಾರವಲ್ಲವೆಂದು ಸುಪ್ರೀಂ ಕೋರ್ಟ್ 1876ರಲ್ಲಿ ಹೇಳಿತು. ಆಮೇಲೆ ಬಂದದ್ದು 1882ರ ಕೇಂದ್ರ ಕಾಯ್ದೆ. ತಲೆಗೆ 50 ಸೆಂಟ್ ತೆರಿಗೆ ವಿಧಿಸಿದ ಆ ಕಾಯ್ದೆ, ತನ್ನನ್ನು ತಾನು ನೋಡಿಕೊಳ್ಳಲಾರದೆ 'ಸಾರ್ವಜನಿಕರಿಗೆ ಹೊರೆ'ಯಾಗುವ ವ್ಯಕ್ತಿಯನ್ನು ದಡದಲ್ಲೇ ತಡೆಯುವಂತೆ ವಿಧಿಸಿತು. 1891ರಲ್ಲಿ ಇದು 'ಹೊರೆಯಾಗುವ ಸಂಭವವಿರುವವರು' ಎಂದು ಹಿಗ್ಗಿತು. ಸಂಭವವಿದೆಯೇ ಇಲ್ಲವೇ ಎಂಬ ತೀರ್ಮಾನ ಅಧಿಕಾರಿಯ ಮರ್ಜಿಗೆ ಬಿತ್ತು.

ಇದರ ಬಿಸಿ ಹೆಚ್ಚಾಗಿ ತಟ್ಟಿದ್ದು ಹೆಂಗಸರಿಗೆ. 1892ರಲ್ಲಿ ತೆರೆದ ನ್ಯೂಯಾರ್ಕಿನ ಎಲ್ಲಿಸ್ ದ್ವೀಪದ ಠಾಣೆಯಲ್ಲಿ ಒಂಟಿಯಾಗಿ ಬಂದ ಹೆಂಗಸನ್ನು ಗಂಡನೋ ಬಂಧುವೋ ಬಂದು ಕರೆದೊಯ್ಯುವ ತನಕ, ಇಲ್ಲವೇ ತಂತಿಯೋ ಹಣವೋ ತಲುಪುವ ತನಕ ಹೊರಗೆ ಬಿಡುತ್ತಿರಲಿಲ್ಲ.

ಭಾರತೀಯರೂ ಇದರಿಂದ ಪಾರಾಗಲಿಲ್ಲ. 1917ರ ಕಾಯ್ದೆ ಏಷ್ಯಾದ ಬಹುಭಾಗಕ್ಕೆ ಬಾಗಿಲು ಮುಚ್ಚುವ ಮುನ್ನ ಸ್ಯಾನ್‌ಫ್ರಾನ್ಸಿಸ್ಕೊ ಬಂದರಿನಲ್ಲಿ ಪಂಜಾಬಿ ಕೂಲಿಗಾರರನ್ನು ಹಿಂದಕ್ಕೆ ಕಳಿಸಲು ಇದೇ ಕಲಮು ನೆರವಾಯಿತು. ಸ್ಥಳೀಯರ ದ್ವೇಷದಿಂದ ಇವರಿಗೆ ಕೆಲಸ ಸಿಗದು, ಆದ್ದರಿಂದ ಇವರು ಹೊರೆಯಾಗುತ್ತಾರೆ ಎಂಬುದು ಅಧಿಕಾರಿಗಳ ವಾದ. ದ್ವೇಷಿಸಿದವರ ತಪ್ಪಿಗೆ ದ್ವೇಷಕ್ಕೆ ಗುರಿಯಾದವರೇ ದಂಡ ತೆತ್ತರು. ರಷ್ಯಾದಿಂದ ಬಂದವರ ಪ್ರಕರಣವೊಂದರಲ್ಲಿ 1915ರಲ್ಲಿ ನ್ಯಾಯಮೂರ್ತಿ ಹೋಮ್ಸ್, ಹೋಗಲಿರುವ ಊರಿನಲ್ಲಿ ಕೆಲಸದ ಅಭಾವವಿದೆ ಎಂಬ ಕಾರಣಕ್ಕೆ ವಲಸಿಗನನ್ನು ತಡೆಯುವಂತಿಲ್ಲ ಎಂದು ತೀರ್ಪಿತ್ತರು.

ಆರ್ಥಿಕ ಮುಗ್ಗಟ್ಟಿನ ಕಾಲದಲ್ಲಿ, 1930ರ ಸೆಪ್ಟೆಂಬರ್‌ನಲ್ಲಿ, ಅಧ್ಯಕ್ಷ ಹೂವರ್ ಅವರ ಆಡಳಿತ ಈ ಕಲಮನ್ನು ಬಿಗಿಯಾಗಿ ಜಾರಿಗೊಳಿಸುವಂತೆ ವಿದೇಶಗಳ ಕಾನ್ಸುಲ್‌ಗಳಿಗೆ ಸೂಚಿಸಿತು. ಹಿಟ್ಲರನ ಜರ್ಮನಿಯಿಂದ ಓಡಲು ಹವಣಿಸಿದ ಯೆಹೂದಿಗಳು ಅಮೆರಿಕದಲ್ಲಿ ತಮ್ಮ ಪರವಾಗಿ ಸಹಿ ಹಾಕುವ ಬಂಧುವನ್ನು ಹುಡುಕಬೇಕಾಯಿತು. ದೂರದ ನೆಂಟರ ಭರವಸೆಯನ್ನು ಅಧಿಕಾರಿಗಳು ಅನುಮಾನದಿಂದ ನೋಡುತ್ತಿದ್ದರು. ಪರಿಣಾಮವಾಗಿ 1933ರಿಂದ 1938ರವರೆಗೆ ಜರ್ಮನಿಗೆ ನಿಗದಿಯಾಗಿದ್ದ ವಾರ್ಷಿಕ ಕೋಟಾ ಒಮ್ಮೆಯೂ ಪೂರ್ತಿ ಭರ್ತಿಯಾಗಲಿಲ್ಲ.

ವಿಚಿತ್ರವೆಂದರೆ, ಜೀವ ಉಳಿಸುವಷ್ಟು ಬೆಲೆಯಿದ್ದ ಆ ಕಾಗದಕ್ಕೆ ಕೋರ್ಟಿನಲ್ಲಿ ಬೆಲೆಯಿರಲಿಲ್ಲ. 1950ರ ದಶಕದ ಕೊನೆಯಲ್ಲಿ, ವಲಸಿಗನ ಆಸ್ಪತ್ರೆ ಖರ್ಚನ್ನು ಸಹಿ ಹಾಕಿದವರಿಂದ ವಸೂಲು ಮಾಡಲು ನ್ಯೂಯಾರ್ಕಿನ ಇಲಾಖೆ ಹೊರಟಾಗ, ಅದು ಬರೀ ನೈತಿಕ ಹೊಣೆ, ಕಾನೂನಿನ ಕರಾರಲ್ಲ ಎಂದು ನ್ಯಾಯಾಲಯ ಹೇಳಿತು.

ಮಾತು ಕರಾರಾದದ್ದು 1996ರಲ್ಲಿ. ಅಧ್ಯಕ್ಷ ಕ್ಲಿಂಟನ್ ಆ ವರ್ಷ ಆಗಸ್ಟ್‌ನಲ್ಲಿ ಕಲ್ಯಾಣ ಯೋಜನೆಗಳ ಸುಧಾರಣೆಯ ಮಸೂದೆಗೂ ಸೆಪ್ಟೆಂಬರ್ 30ರಂದು ವಲಸೆ ಮಸೂದೆಗೂ ಅಂಕಿತ ಹಾಕಿದರು. ಸಹಿ ಹಾಕುವವರ ಆದಾಯ ಸರ್ಕಾರ ಗೊತ್ತುಪಡಿಸಿದ ಬಡತನ ರೇಖೆಯ ಶೇ 125ರಷ್ಟಾದರೂ ಇರಬೇಕು ಎಂದಾಯಿತು. ಸೈನ್ಯದ ಸಕ್ರಿಯ ಸೇವೆಯಲ್ಲಿದ್ದು ಸಂಗಾತಿಯನ್ನು ಕರೆಸುವವರಿಗೆ ಶೇ 100 ಸಾಕು. 1997ರ ಡಿಸೆಂಬರ್ 19ರಿಂದ ಹೊಸ ನಮೂನೆ ಜಾರಿಗೆ ಬಂತು.

ಆದಾಯ ಸಾಲದಿದ್ದರೆ ದಾರಿಗಳುಂಟು. ಇನ್ನೊಬ್ಬರು ಜಂಟಿ ಜಾಮೀನುದಾರರಾಗಿ ನಿಲ್ಲಬಹುದು. ವರ್ಷದೊಳಗೆ ನಗದಾಗುವ ಆಸ್ತಿಯನ್ನೂ ತೋರಿಸಬಹುದು. ಪೌರರ ಸಂಗಾತಿಯಾದರೆ ಕೊರತೆಯ ಮೂರರಷ್ಟು ಆಸ್ತಿ ಬೇಕು. ಆದರೆ ಸಂಗಾತಿಗೆ ಬೆಂಗಳೂರಿನಲ್ಲಿ ಎಷ್ಟೇ ಸಂಬಳವಿರಲಿ, ಅಮೆರಿಕಕ್ಕೆ ಹೋದ ಮೇಲೂ ಅದೇ ಮೂಲದಿಂದ ಬರದಿದ್ದರೆ ಲೆಕ್ಕಕ್ಕಿಲ್ಲ. ಎಚ್-1ಬಿ ವೀಸಾದ ಮೇಲೆ ಹೋದ ನಮ್ಮ ಎಂಜಿನಿಯರು ಪತ್ನಿಯನ್ನು ಎಚ್-4 ವೀಸಾದಲ್ಲಿ ಕರೆಸಿಕೊಳ್ಳುವಾಗ ಈ ನಮೂನೆ ಬೇಕಿಲ್ಲ. ಕುಟುಂಬದ ಆಧಾರದ ಮೇಲೆ ಕಾಯಂ ನೆಲೆ ಕೇಳುವಾಗಲೇ ಇದು ಎದುರಾಗುವುದು.

ಸಹಿಯ ಹೊಣೆ ಸುಲಭಕ್ಕೆ ಇಳಿಯುವುದಿಲ್ಲ. ಬಂದವರು ಪೌರತ್ವ ಪಡೆಯಬೇಕು, ಇಲ್ಲವೇ ಸುಮಾರು ಹತ್ತು ವರ್ಷಕ್ಕೆ ಸಮನಾದ 40 ತ್ರೈಮಾಸಿಕಗಳ ದುಡಿಮೆ ಅವರ ಖಾತೆಗೆ ಸೇರಬೇಕು, ಇಲ್ಲವೇ ದೇಶವನ್ನು ಕಾಯಮ್ಮಾಗಿ ತೊರೆಯಬೇಕು. ಇಬ್ಬರಲ್ಲೊಬ್ಬರು ತೀರಿಕೊಂಡರೂ ಮುಗಿಯುತ್ತದೆ. ವಿಚ್ಛೇದನದಿಂದ ಮಾತ್ರ ಮುಗಿಯುವುದಿಲ್ಲ! ಅಂದರೆ ಮದುವೆ ಮುರಿದರೂ ಜಾಮೀನು ಮುರಿಯದು. ವಿಚ್ಛೇದಿತ ಪತ್ನಿ ಕೆಲಸ ಹುಡುಕಿಕೊಳ್ಳಲಿ ಎಂಬ ಪತಿಯ ವಾದವನ್ನು ಶಿಕಾಗೊದ ಮೇಲ್ಮನವಿ ನ್ಯಾಯಾಲಯ 2012ರಲ್ಲಿ ತಳ್ಳಿಹಾಕಿತು. ಸರ್ಕಾರದ ಬೊಕ್ಕಸ ಕಾಯಲು ಮಾಡಿದ ಕರಾರು, ಪರದೇಶದಲ್ಲಿ ಕೈಬಿಡಲ್ಪಟ್ಟ ಹೆಣ್ಣುಮಗಳಿಗೆ ಆಸರೆಯೂ ಆಯಿತು.

ಇನ್ನೊಂದು ಮಗ್ಗುಲೂ ಇದೆ. ಅಲಾಸ್ಕಾ, ಹವಾಯಿ ಬಿಟ್ಟು ಉಳಿದ ರಾಜ್ಯಗಳಲ್ಲಿ ಗಂಡ ಹೆಂಡತಿ ಇಬ್ಬರೇ ಇರುವ ಮನೆಗೆ 2025ರ ಲೆಕ್ಕದಂತೆ ವರ್ಷಕ್ಕೆ 26,437 ಡಾಲರ್ ಆದಾಯ ಬೇಕಿತ್ತು. 2009ರಲ್ಲಿ ನಿಗದಿಯಾದ ಕೇಂದ್ರದ ಕನಿಷ್ಠ ಕೂಲಿ ಗಂಟೆಗೆ 7.25 ಡಾಲರ್. ಅದೇ ದರದಲ್ಲಿ ವಾರಕ್ಕೆ 40 ಗಂಟೆಯಂತೆ ವರ್ಷಪೂರ್ತಿ ದುಡಿದರೂ ಕೈಗೆ ಬರುವುದು 15,080 ಡಾಲರ್. ಹಲವು ರಾಜ್ಯಗಳಲ್ಲಿ ಕೂಲಿ ಇದಕ್ಕಿಂತ ಹೆಚ್ಚು, ನಿಜ. ಆದರೆ ಈ ಕೂಲಿಯೇ ಗತಿಯಾದ ಕಡೆ ಹೋಟೆಲಿನಲ್ಲಿ ಪಾತ್ರೆ ತೊಳೆಯುವ ಪೌರನೊಬ್ಬ ಮದುವೆಯಾಗಬಹುದು. ಕಟ್ಟಿಕೊಂಡವಳ ಜೊತೆ ತನ್ನದೇ ದೇಶದಲ್ಲಿ ಬಾಳಲು ಅವನು ಇನ್ನೊಬ್ಬರ ಸಹಿಗಾಗಿ ಕೈಚಾಚಬೇಕು.