ಬಣ್ಣದ ಕಾಗದ ಎಲ್ಲಿಂದ ಬರುತ್ತಿತ್ತು?

ಕಳೆದ ತಿಂಗಳು ನನ್ನ ತಂಗಿಯ ಮೊಮ್ಮಗಳು ತನ್ನ ಶಾಲೆಯ ‘ಪ್ರಾಜೆಕ್ಟ್’ ಹಿಡಿದುಕೊಂಡು ಚಾಮರಾಜಪೇಟೆಯ ನಮ್ಮ ಮನೆಗೆ ಬಂದಿದ್ದಳು. ‘ನಮ್ಮ ಬೀದಿ’ ಎಂಬ ವಿಷಯವಾಗಿ ಒಂದು ಸ್ಕ್ರ್ಯಾಪ್ ಪುಸ್ತಕ, ಅದರೊಡನೆ ಒಂದು ಶುಭಾಶಯ ಪತ್ರ; ಎರಡನ್ನೂ ಕೈಯಿಂದಲೇ ಮಾಡಬೇಕೆಂಬುದು ನಿಯಮ. ಮಲ್ಲೇಶ್ವರದ ಅಂಗಡಿಯೊಂದರಿಂದ ಅವಳ ತಾಯಿ ಒಂದು ಕಟ್ಟು ಚಿತ್ತಾರದ ಕಾಗದ ಕೊಂಡುಕೊಟ್ಟಿದ್ದಳು. ಹನ್ನೆರಡು ಅಂಗುಲದ ಚೌಕದ ಹಾಳೆಗಳು, ಒಂದರಲ್ಲಿ ಗುಲಾಬಿ, ಒಂದರಲ್ಲಿ ಹಳೆಯ ಅಂಚೆಮುದ್ರೆಗಳ ನಕಲು, ಇನ್ನೊಂದರಲ್ಲಿ ಬೇಕೆಂದೇ ಹಳದಿಗಟ್ಟಿಸಿದಂತೆ ಕಾಣುವ ಯಾವುದೋ ಪರದೇಶದ ಪತ್ರದ ಬರಹ. ಕಾಗದ ಬಲು ಸೊಗಸಾಗಿತ್ತು. ಆದರೆ ಆ ಹುಡುಗಿ ಕೇಳಿದ ಪ್ರಶ್ನೆ ನನ್ನನ್ನು ಎರಡು ದಿನ ಕಾಡಿತು: “ತಾತ, ನೀವು ಚಿಕ್ಕವರಾಗಿದ್ದಾಗ ಇಂಥ ಪೇಪರ್ ಎಲ್ಲಿ ಸಿಗುತ್ತಿತ್ತು?”

ಎಲ್ಲಿಯೂ ಸಿಗುತ್ತಿರಲಿಲ್ಲ. ನಿಜವಾಗಿ ಹೇಳಬೇಕೆಂದರೆ, ಮಕ್ಕಳಿಗಾಗಿ ಚಿತ್ತಾರದ ಕಾಗದವನ್ನು ಮಾರುವುದೆಂಬ ಕಲ್ಪನೆಯೇ ನಮ್ಮ ಕಾಲದಲ್ಲಿ ಇರಲಿಲ್ಲ. ಒಂದೇ ಬಣ್ಣದ ಮಿರುಗು ಕಾಗದ, ಗಾಳಿಪಟದ ತೆಳು ಹಾಳೆ, ನೆರಿಗೆಗಳಿದ್ದ ಕ್ರೇಪ್ ಕಾಗದ, ಇವು ಕಾಸಿಗೆ ದೊರೆಯುತ್ತಿದ್ದವು. ಚಿತ್ತಾರವಿದ್ದ ಕಾಗದ ಮಾತ್ರ ಬೇರೆ ಯಾವುದೋ ವಸ್ತುವಿನ ಬೆನ್ನಿಗಂಟಿಕೊಂಡು ನಮ್ಮ ಮನೆಗೆ ಬರುತ್ತಿತ್ತು. ಅದೊಂದು ಹೊದಿಕೆ, ಇಲ್ಲವೇ ಅಂಚು, ಇಲ್ಲವೇ ಚೂರು. ಆದ್ದರಿಂದಲೇ ಪ್ರತಿ ಚೂರಿಗೂ ಒಂದು ವಿಳಾಸವಿರುತ್ತಿತ್ತು. ಈ ಬರಹ ಆ ವಿಳಾಸಗಳನ್ನು ಹುಡುಕುವ ಪ್ರಯತ್ನ.

ಮೊದಲು ನನ್ನದೇ ಪುಸ್ತಕದಿಂದ ತೊಡಗುವೆ. ಟ್ರಂಕಿನ ತಳದಲ್ಲಿ ಇಂದಿಗೂ ಉಳಿದಿರುವ ಅದು 1960ರಲ್ಲಿ ನಾನು ಮಾಧ್ಯಮಿಕ ಶಾಲೆಯಲ್ಲಿದ್ದಾಗ ಆರಂಭಿಸಿದ್ದು. ಆ ವರ್ಷದ ಸೆಪ್ಟೆಂಬರಿನಲ್ಲಿ ಸರ್ ಎಂ. ವಿಶ್ವೇಶ್ವರಯ್ಯನವರ ಶತಮಾನೋತ್ಸವ ನಡೆಯಿತು; ಅಂಚೆ ಇಲಾಖೆ ಅವರ ಚಿತ್ರವಿರುವ ಚೀಟಿ ಹೊರಡಿಸಿತು. ಅದೇ ಮೊದಲ ಪುಟ. ಮುಂದಿನ ಪುಟಗಳಲ್ಲಿ 1961ರ ಫೆಬ್ರವರಿಯಲ್ಲಿ ಎಲಿಜಬೆತ್ ರಾಣಿ ಬೆಂಗಳೂರಿಗೆ ಬಂದಾಗಿನ ಪತ್ರಿಕೆಯ ತುಣುಕುಗಳು, ‘ಚಂದಮಾಮ’ದ ಮುಖಪುಟಗಳು, ಬೆಂಕಿಪೆಟ್ಟಿಗೆಯ ಚೀಟಿಗಳು. ತಾರೀಖುಗಳನ್ನು ನಾನು ಬರೆದಿಲ್ಲ, ಬೆಂಗಳೂರು ಪ್ರೆಸ್ಸಿನ ಕ್ಯಾಲೆಂಡರಿನಿಂದ ದೊಡ್ಡ ದೊಡ್ಡ ಅಂಕಿಗಳನ್ನು ಕತ್ತರಿಸಿ ಅಂಟಿಸಿದ್ದೇನೆ. 1916ರಲ್ಲಿ ಸ್ಥಾಪನೆಯಾದ ಆ ಮುದ್ರಣಾಲಯ ಮೈಸೂರು ರಸ್ತೆಯಲ್ಲಿ, ನಮ್ಮ ಪೇಟೆಯ ಮಗ್ಗುಲಲ್ಲೇ ಇದ್ದುದರಿಂದ ಆ ಅಂಕಿಗಳು ನಮ್ಮ ಮನೆಯ ಅಂಕಿಗಳೇ ಎಂಬ ಭಾವನೆ ನನಗಿತ್ತು.

ಈ ಪುಸ್ತಕದ ಹೊರರಟ್ಟಿಗೆ ಅಂಟಿಸಿರುವ ಕಾಗದವೇ ನನ್ನ ವಿಷಯಕ್ಕೆ ಮುಖ್ಯವಾದುದು. ಅವೆನ್ಯೂ ರಸ್ತೆಯ ಗಲ್ಲಿಯೊಂದರಲ್ಲಿ ಲೆಕ್ಕದ ಪುಸ್ತಕಗಳನ್ನು ಕಟ್ಟುತ್ತಿದ್ದ ಒಬ್ಬ ರಟ್ಟುಗಾರರಿದ್ದರು. ನಮ್ಮ ತಂದೆಯವರಿಗೆ ಪರಿಚಿತರು. ಖಾತೆ ಪುಸ್ತಕಗಳ ಬೆನ್ನಿಗೆ ಕೆಂಪು ಬಟ್ಟೆ, ರಟ್ಟಿನ ಮೇಲೆ ನೀರಿನಲ್ಲಿ ಎಣ್ಣೆ ಹರಡಿದಂತೆ ಕಾಣುವ ನೀಲಿ, ಕಂದು, ಹಸಿರು ಬಳುಕುಗಳ ಕಾಗದ. ಕತ್ತರಿಸಿ ಉಳಿದ ಪಟ್ಟಿಗಳನ್ನು ಅವರು ಗೋಣಿಚೀಲಕ್ಕೆ ಹಾಕುತ್ತಿದ್ದರು. ಶನಿವಾರ ಮಧ್ಯಾಹ್ನ ಹೋದರೆ ಒಂದು ಹಿಡಿ ನಮಗೆ. ಅದಕ್ಕೆ ನಾವು ‘ಮಾರ್ಬಲ್ ಕಾಗದ’ ಎನ್ನುತ್ತಿದ್ದೆವು.

ಆ ಹೆಸರು ಯೂರೋಪಿನಿಂದ ಬಂದದ್ದು, ಕಲೆ ಅಲ್ಲಿಯದಲ್ಲ ಎಂಬುದು ನನಗೆ ಬಹಳ ತಡವಾಗಿ ತಿಳಿಯಿತು. ಪಾರಸೀಕರು ಇದನ್ನು ‘ಅಬ್ರಿ’ ಎಂದು ಕರೆದರು. ‘ಅಬ್ರ್’ ಎಂದರೆ ಮೋಡ. ತುರ್ಕರಲ್ಲಿ ಇದೇ ‘ಎಬ್ರು’. ಮಾಡುವ ವಿಧಾನ ಹೀಗೆ: ಅಗಲವಾದ ತಟ್ಟೆಯಲ್ಲಿ ಅಂಟಿನಿಂದಲೋ ಬೀಜಗಳ ಲೋಳೆಯಿಂದಲೋ ಮಂದಗೊಳಿಸಿದ ನೀರನ್ನು ತುಂಬುತ್ತಾರೆ. ಬಣ್ಣಕ್ಕೆ ದನದ ಪಿತ್ತರಸವನ್ನು ಬೆರೆಸಿ ಹನಿ ಹನಿಯಾಗಿ ಚಿಮುಕಿಸಿದರೆ ಅದು ಮುಳುಗದೆ, ಒಂದರೊಳಗೊಂದು ಕಲಸಿಹೋಗದೆ ಮೇಲೆಯೇ ಹರಡಿಕೊಳ್ಳುತ್ತದೆ. ಕಡ್ಡಿಯಿಂದಲೋ ಬಾಚಣಿಗೆಯಿಂದಲೋ ಅದನ್ನು ತೀಡಿ, ಮೇಲೊಂದು ಹಾಳೆಯನ್ನು ಮೆಲ್ಲಗೆ ಮಲಗಿಸಿ ಎತ್ತಬೇಕು. ನೀರಿನ ಮೇಲಿದ್ದ ಚಿತ್ತಾರವೆಲ್ಲ ಹಾಳೆಗೆ ಬಂದುಬಿಡುತ್ತದೆ. ಒಮ್ಮೆ ಬಂದ ಚಿತ್ತಾರ ಮತ್ತೊಮ್ಮೆ ಬರುವುದಿಲ್ಲ.

ಈಗ ನಮ್ಮವರು ಹೆಮ್ಮೆಪಡಬೇಕಾದ ಮಾತು. ಈ ಅಬ್ರಿ ಕೆಲಸವನ್ನು ಕೇವಲ ಅಂಚಿನ ಅಲಂಕಾರಕ್ಕಲ್ಲದೆ ಪೂರ್ಣ ಚಿತ್ರಗಳನ್ನು ರಚಿಸಲು ಬಳಸಿದವರಲ್ಲಿ ಪ್ರಸಿದ್ಧರು ಆದಿಲ್‌ಶಾಹಿ ಬಿಜಾಪುರದ, ಎಂದರೆ ಇಂದಿನ ವಿಜಯಪುರದ ಕಲಾವಿದರು. ಹದಿನೇಳನೆಯ ಶತಮಾನದ್ದೆಂದು ಗುರುತಿಸಲಾದ ಅಂಥದೊಂದು ಚಿತ್ರ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂನಲ್ಲಿದೆ. ಎಲುಬಿನ ಗೂಡಾದ ಕುದುರೆಯೊಂದರ ಮೇಲೆ ವಿರಕ್ತನೊಬ್ಬ ಕುಳಿತಿದ್ದಾನೆ. ಉಳಿದ ಭಾಗಕ್ಕೆ ಬಣ್ಣ ತಾಗದಂತೆ ಮರೆಮಾಡಿ, ಬೇಕಾದ ಆಕಾರಕ್ಕೆ ಮಾತ್ರ ನೀರಿನ ಬಳುಕುಗಳನ್ನು ಹಿಡಿದಿದ್ದಾರೆ. ನಮ್ಮ ಕೆಲವು ಬಂಧುಗಳು ಅಮೆರಿಕದಲ್ಲಿದ್ದಾರೆ. ಅವರು ಸಾಧ್ಯವಾದರೆ ಹೋಗಿ ನೋಡಿ ನನಗೆ ತಿಳಿಸಲಿ.

ಇನ್ನೂ ಒಂದು ಸಂಗತಿ. ಆ ಕಾಲದ ಸುಲ್ತಾನರೂ ಮೊಘಲರೂ ಸುಂದರ ಬರಹಗಳನ್ನೂ ಚಿತ್ರಗಳನ್ನೂ ಬೇರೆ ಬೇರೆ ಕಡೆಯಿಂದ ತರಿಸಿ, ಕತ್ತರಿಸಿ, ಚಿತ್ತಾರದ ಅಂಚುಕಾಗದದ ನಡುವೆ ಅಂಟಿಸಿ ಪುಸ್ತಕವಾಗಿ ಕಟ್ಟಿಸುತ್ತಿದ್ದರು. ಅದಕ್ಕೆ ‘ಮುರಕ್ಕಾ’ ಎಂದು ಹೆಸರು. ಆ ಪದದ ಅರ್ಥ ‘ತೇಪೆ ಹಾಕಿದ್ದು’. ಮೊಮ್ಮಗಳ ಸ್ಕ್ರ್ಯಾಪ್ ಪುಸ್ತಕಕ್ಕೆ ಇಷ್ಟು ದೊಡ್ಡ ಮನೆತನವುಂಟು! ಅವೆನ್ಯೂ ರಸ್ತೆಯ ಪಟ್ಟಿಗಳು ಮಾತ್ರ ಯಂತ್ರದಲ್ಲಿ ಅಚ್ಚಾದ ನಕಲುಗಳು. ಒಂದೇ ಮೋಡ ಪ್ರತಿ ಹಾಳೆಯಲ್ಲೂ ಮರಳಿ ಬರುತ್ತಿತ್ತು. ಅದನ್ನು ನಾವು ಗಮನಿಸಿರಲಿಲ್ಲ.

‘ಸ್ಕ್ರ್ಯಾಪ್’ ಎಂಬ ಮಾತನ್ನು ಮಾತ್ರ ಪಶ್ಚಿಮಕ್ಕೇ ಬಿಟ್ಟುಕೊಡೋಣ. ಹತ್ತೊಂಬತ್ತನೆಯ ಶತಮಾನದಲ್ಲಿ ಜರ್ಮನಿಯ ಮುದ್ರಕರು ಹೂವು, ದೇವದೂತ, ಪಕ್ಷಿಗಳ ಉಬ್ಬುಚಿತ್ರಗಳನ್ನು ಹಾಳೆಗಟ್ಟಲೆ ಅಚ್ಚುಹಾಕಿ ಮಾರಿದರು. ಅವನ್ನು ಅಂಟಿಸುವ ಪುಸ್ತಕವೇ ಸ್ಕ್ರ್ಯಾಪ್ ಪುಸ್ತಕ. ಲಂಡನ್ನಿನ ಹೆನ್ರಿ ಕೋಲ್ ಎಂಬಾತ 1843ರಲ್ಲಿ ಮೊದಲ ಕ್ರಿಸ್‌ಮಸ್ ಕಾರ್ಡನ್ನು ಅಚ್ಚುಹಾಕಿಸಿದ್ದು ತನಗೆ ಬಂದ ಪತ್ರಗಳಿಗೆಲ್ಲ ಕೈಯಿಂದ ಉತ್ತರ ಬರೆಯಲು ಸಮಯವಿಲ್ಲದ್ದರಿಂದ! ಅಂದರೆ ಅಂಗಡಿಯ ಕಾರ್ಡು ಹುಟ್ಟಿದ್ದೇ ಸೋಮಾರಿತನದಿಂದ ಎಂದು ನಾನು ತರಗತಿಯಲ್ಲಿ ಹೇಳಿ ನಗಿಸುತ್ತಿದ್ದುದು ನಿಮ್ಮಲ್ಲಿ ಕೆಲವರಿಗಾದರೂ ನೆನಪಿರಬಹುದು.

ನಮ್ಮ ಅಜ್ಜಿಯ ಕಾಲದ ಬಣ್ಣದ ಕಾಗದ ಬಟ್ಟೆಯೊಡನೆ ಬಂದಿತು. ಮ್ಯಾಂಚೆಸ್ಟರಿನ ಗಿರಣಿಗಳಿಂದ ಭಾರತಕ್ಕೆ ಬರುತ್ತಿದ್ದ ಬಟ್ಟೆಯ ಥಾನುಗಳ ಮೇಲೆ ಕೃಷ್ಣ, ಲಕ್ಷ್ಮಿ, ಆನೆ, ರಾಜರ ಬಣ್ಣದ ಚೀಟಿಗಳನ್ನು ಅಂಟಿಸಿರುತ್ತಿದ್ದರು. ಓದು ಬಾರದ ಗ್ರಾಹಕನೂ ಮಾಲನ್ನು ಗುರುತಿಸಲಿ ಎಂಬುದು ವ್ಯಾಪಾರಿಗಳ ಉದ್ದೇಶ. ಅದನ್ನು ಬಿಡಿಸಿ ದೇವರ ಗೂಡಿಗೆ ಅಂಟಿಸುವುದು ಹೆಂಗಸರ ಉದ್ದೇಶ. ರಾಜಾ ರವಿವರ್ಮ 1894ರಲ್ಲಿ ಮುಂಬಯಿಯಲ್ಲಿ ಮುದ್ರಣಾಲಯ ತೆರೆದ ಮೇಲೆ ದೇವರ ಚಿತ್ರಗಳು ಮನೆಮನೆಗೆ ಬಂದವು. ಆ ಅಚ್ಚಿನ ಲಕ್ಷ್ಮಿಗೆ ನಿಜವಾದ ಬಟ್ಟೆಯ ಚೂರಿನ ಸೀರೆ ಉಡಿಸಿ, ಜರಿ ಹೊಲಿದು, ಚಮಕಿ ಅಂಟಿಸಿ ಚೌಕಟ್ಟು ಹಾಕಿಸುವ ಕೆಲಸ ಅನೇಕ ಮನೆಗಳಲ್ಲಿ ನಡೆಯಿತು. ನಮ್ಮ ಅಜ್ಜಿ ಮಾಡಿದ ಅಂಥ ಸರಸ್ವತಿಯೊಂದು ನಡುಮನೆಯಲ್ಲಿತ್ತು. ಅದನ್ನು ಯಾರೂ ‘ಕ್ರಾಫ್ಟ್’ ಎಂದು ಕರೆದು ಅಂಕ ಕೊಡಲಿಲ್ಲ.

ಅಂಕಗಳು ಬಂದದ್ದು ಶಾಲೆಯ ದೆಸೆಯಿಂದ. ಗಾಂಧೀಜಿಯವರು 1937ರ ವಾರ್ಧಾ ಸಮ್ಮೇಳನದಲ್ಲಿ ಮಂಡಿಸಿದ ಮೂಲಶಿಕ್ಷಣದಲ್ಲಿ ಕೈಕಸುಬೇ ಕಲಿಕೆಯ ನಡುಗಂಬ. 1964-66ರ ಕೊಠಾರಿ ಆಯೋಗ ಅದನ್ನು ‘ಕಾರ್ಯಾನುಭವ’ ಎಂದಿತು. 1977ರಲ್ಲಿ ಈಶ್ವರಭಾಯಿ ಪಟೇಲ್ ಸಮಿತಿ ‘ಸಮಾಜೋಪಯೋಗಿ ಉತ್ಪಾದಕ ಕಾರ್ಯ’ ಎಂಬ ಉದ್ದನೆಯ ಹೆಸರಿಟ್ಟಿತು. ಮಕ್ಕಳ ಬಾಯಲ್ಲಿ ಅದು ‘ಎಸ್.ಯು.ಪಿ.ಡಬ್ಲ್ಯು.’ ನೂಲುವ ತಕಲಿಯಿಂದ ತೊಡಗಿದ ಆ ಮಹತ್ತಾದ ವಿಚಾರ, ಜಾಗವೂ ಉಪಕರಣವೂ ಇಲ್ಲದ ನಮ್ಮ ಪೇಟೆಯ ಶಾಲೆಗಳಲ್ಲಿ, ಸಂಕ್ರಾಂತಿಗೊಂದು ಶುಭಾಶಯ ಪತ್ರ ಮತ್ತು ವರ್ಷಕ್ಕೊಂದು ಸ್ಕ್ರ್ಯಾಪ್ ಪುಸ್ತಕವಾಗಿ ಉಳಿಯಿತು. ಇದನ್ನು ಅವನತಿ ಎಂದು ನಾನು ಹೇಳಲಾರೆ. ಒಂದು ಕತ್ತರಿ, ಒಂದು ಬಟ್ಟಲು ಮೈದಾ ಅಂಟು ಇದ್ದರೆ ಸಾಕಿತ್ತು.

ಸಂಕ್ರಾಂತಿಯ ಪತ್ರಗಳ ಮಾತು ಬಂದಾಗ ‘ಬುಕ್ ಪೋಸ್ಟ್’ ನೆನಪಾಗುತ್ತದೆ. ಲಕೋಟೆಯ ಬಾಯಿಯನ್ನು ಅಂಟಿಸದೆ ಒಳಕ್ಕೆ ಮಡಚಿದರೆ ಆಗ ಕಡಿಮೆ ಅಂಚೆವೆಚ್ಚ ತಗಲುತ್ತಿತ್ತು. ಆದರೆ ಒಳಗೆ ಖಾಸಗಿ ಕಾಗದ ಬರೆಯುವಂತಿರಲಿಲ್ಲ. ಹೀಗಾಗಿ ಹೇಳಬೇಕಾದುದನ್ನೆಲ್ಲ ಚಿತ್ತಾರವೇ ಹೇಳಬೇಕಾಗುತ್ತಿತ್ತು. ಕಬ್ಬಿನ ಜಲ್ಲೆಗೆ ‘ಸೋವಿಯತ್ ಲ್ಯಾಂಡ್’ ಪತ್ರಿಕೆಯ ಹೊಳಪು ಹಾಳೆಯ ಹಸಿರು, ಸಕ್ಕರೆ ಅಚ್ಚಿಗೆ ಸಿಗರೇಟು ಪೆಟ್ಟಿಗೆಯ ಬೆಳ್ಳಿ ಕಾಗದ. (ಸಿಗರೇಟು ಯಾರದೆಂದು ನಾನು ಕೇಳುತ್ತಿರಲಿಲ್ಲ.) ಕಡಲೆಕಾಯಿ ಪರಿಷೆಯಲ್ಲಿ ಕೊಂಡ ಗಿರಗಿಟ್ಟಲೆ ಮುರಿದ ಮೇಲೆ ಅದರ ರೆಕ್ಕೆಗಳೂ ಕಾರ್ಡಾಗುತ್ತಿದ್ದವು.

ಇನ್ನು ನಾನು ಬರೆಯಲೇಬೇಕಾದ, ಇಷ್ಟು ದಿನ ಮುಂದೂಡಿದ ಸಂಗತಿ.

1986ರಲ್ಲಿ ಏಳನೆಯ ತರಗತಿಗೆ ನಾನು ‘ನಮ್ಮ ಬೀದಿ’ ಎಂಬ ವಿಷಯವನ್ನೇ ಕೊಟ್ಟಿದ್ದೆ. ಬಿಳಿ ಡ್ರಾಯಿಂಗ್ ಹಾಳೆ, ನಾಲ್ಕು ಶೀರ್ಷಿಕೆ, ಸುತ್ತಲೂ ಒಂದು ಅಂಗುಲ ಅಂಚು ಎಂದು ನಿಬಂಧನೆ ಹಾಕಿದ್ದೆ. ಒಬ್ಬ ಹುಡುಗನ ತಂದೆ ಸುಲ್ತಾನ್‌ಪೇಟೆಯ ಲಗ್ನಪತ್ರಿಕೆಗಳ ಮುದ್ರಣಾಲಯದಲ್ಲಿ ಕತ್ತರಿಸುವ ಯಂತ್ರದ ಕೆಲಸದಲ್ಲಿದ್ದರು. ಅವನು ತಂದ ಪುಸ್ತಕ ಗೇಣಗಲವಿತ್ತು, ಮೊಳದುದ್ದವಿತ್ತು. ಒಳಗೆಲ್ಲ ಲಗ್ನಪತ್ರಿಕೆಯ ಅಂಚುಗಳು: ಬೆಳ್ಳಿಯ ಚುಕ್ಕೆ, ಅರಿಸಿನದ ಬಣ್ಣ, ಅರ್ಧಕ್ಕೆ ಕತ್ತರಿಸಿದ ಗಣಪತಿ. ಅವನ ಬೀದಿಯಲ್ಲಿ ಹನ್ನೆರಡು ಮನೆ, ಹನ್ನೆರಡು ಪುಟ. ಪ್ರತಿ ಪುಟದಲ್ಲೂ ಆ ಮನೆಯಲ್ಲಿ ನಡೆದ ಮದುವೆಯ ಪತ್ರಿಕೆಯ ಒಂದು ಚೂರು, ಕೆಳಗೆ ಪೆನ್ಸಿಲಿನಲ್ಲಿ ಯಾರ ಮದುವೆ, ಯಾವ ಛತ್ರ, ಊಟಕ್ಕೆ ಏನು ಮಾಡಿದ್ದರು ಎಂಬ ವಿವರ. ಮದುವೆಯೇ ಆಗದ ಒಂದು ಮನೆಗೆ ಬರಿಯ ಕಂದು ಕಾಗದ. ನಾನು ಹತ್ತಕ್ಕೆ ನಾಲ್ಕು ಕೊಟ್ಟೆ. ಕೆಂಪು ಶಾಯಿಯಲ್ಲಿ, ಅದೂ ಒಂದು ಚಿತ್ತಾರದ ಮೇಲೆಯೇ, ‘ಅಚ್ಚುಕಟ್ಟಿಲ್ಲ’ ಎಂದು ಬರೆದೆ. ಅತಿ ಹೆಚ್ಚು ಅಂಕ ಪಡೆದ ಪುಸ್ತಕ ಯಾವುದೆಂದು ಈಗ ನನಗೆ ನೆನಪೇ ಇಲ್ಲ.

ಸುಮಾರು ಇಪ್ಪತ್ತೈದು ವರ್ಷಗಳ ಮೇಲೆ ಆತ ಗಾಂಧಿ ಬಜಾರಿನಲ್ಲಿ ಸಿಕ್ಕಿ ಕಾಲಿಗೆ ನಮಸ್ಕರಿಸಿದ. ಆ ಪುಸ್ತಕ ಇದೆಯೇ ಎಂದು ಕೇಳಿದೆ. ಮನೆ ಬದಲಿಸುವಾಗ ರದ್ದಿಗೆ ಹೋಯಿತಂತೆ. “ಹತ್ತಕ್ಕೆ ನಾಲ್ಕು, ಮೇಷ್ಟ್ರೇ,” ಎಂದು ನಕ್ಕ; ಕುಹಕವಿಲ್ಲದ ನಗೆ. ಆ ಬೀದಿಯ ಹನ್ನೆರಡು ಮನೆಗಳಲ್ಲಿ ಈಗ ಹಳೆಯ ರೂಪದಲ್ಲಿ ನಿಂತಿರುವುದು ಎರಡೇ. ಉಳಿದ ಕಡೆ ಅಪಾರ್ಟ್‌ಮೆಂಟುಗಳು. ಅಲ್ಲಿ ಯಾರಿದ್ದರು, ಯಾರು ಯಾರ ಮದುವೆಗೆ ಹೋಗಿದ್ದರು ಎಂಬುದನ್ನು ಒಂದೆಡೆ ಬರೆದಿಟ್ಟ ಪುಸ್ತಕ, ನನಗೆ ತಿಳಿದಂತೆ, ಅದೊಂದೇ ಇತ್ತು. ಬಿಳಿ ಹಾಳೆಯ ಮೇಲೆ ಬಸವನಗುಡಿಯ ದೊಡ್ಡ ಬಸವನ ಚಿತ್ರ ಅಂಟಿಸಿದ ನಲವತ್ತು ಪುಸ್ತಕಗಳು ಅದಕ್ಕೆ ಸಾಟಿಯಲ್ಲ. ಇತಿಹಾಸ ಪಾಠ ಹೇಳುವವನಾದ ನನಗೇ ಅದು ಕಾಣಲಿಲ್ಲ.

ಮೊಮ್ಮಗಳ ಕಟ್ಟಿನ ಮೇಲೆ ‘ಆಮ್ಲರಹಿತ’ ಎಂಬರ್ಥದ ಇಂಗ್ಲಿಷ್ ಪದವಿತ್ತು. ಅದಕ್ಕೂ ಒಂದು ಚರಿತ್ರೆಯಿದೆ. ಅಮೆರಿಕದ ಯೂಟಾ ರಾಜ್ಯದ ಮಾರಿಲೆನ್ ಕ್ರಿಸ್ಟೆನ್‌ಸನ್ ಎಂಬ ಗೃಹಿಣಿ 1980ರಲ್ಲಿ ಸಾಲ್ಟ್ ಲೇಕ್ ಸಿಟಿಯ ದಾಖಲೆಗಳ ವಿಶ್ವ ಸಮ್ಮೇಳನದಲ್ಲಿ ತಮ್ಮ ಕುಟುಂಬದ ಪುಸ್ತಕಗಳನ್ನು ಪ್ರದರ್ಶಿಸಿದ ಬಳಿಕ ಇದೊಂದು ಉದ್ಯಮವಾಗಿ ಬೆಳೆಯಿತು; ಬಾಳಿಕೆ ಬರುವ ಕಾಗದಕ್ಕೂ ಅಂಟಿಗೂ ಬೇಡಿಕೆ ಹುಟ್ಟಿತು. ಅವರ ಕಾಳಜಿ ಸರಿಯಾದುದೇ. ನನ್ನ 1960ರ ಪುಸ್ತಕದಲ್ಲಿ ಪತ್ರಿಕೆಯ ತುಣುಕುಗಳೆಲ್ಲ ಚಹದ ಬಣ್ಣಕ್ಕೆ ತಿರುಗಿವೆ. ಮರವನ್ನು ಅರೆದು ಮಾಡಿದ ಸುದ್ದಿ ಕಾಗದದಲ್ಲಿ ಉಳಿಯುವ ಲಿಗ್ನಿನ್ ಎಂಬ ವಸ್ತು ಬೆಳಕಿಗೂ ಗಾಳಿಗೂ ಹೀಗೆ ಕಪ್ಪಿಡುತ್ತದೆ. ಚಿಂದಿ ಬಟ್ಟೆ, ನಾರುಗಳಿಂದ ಮಾಡಿದ ಹಳೆಯ ಕೈಕಾಗದಕ್ಕೆ ಆ ಕಾಟವಿಲ್ಲ. ಸೆಲ್ಲೊಟೇಪ್ ಹಚ್ಚಿದಲ್ಲಿ ಕಂದು ಕಲೆ. ಮೈದಾ ಅಂಟಿನ ಪುಟಗಳನ್ನು ಹುಳು ತಿಂದಿದೆ. ಹೊರರಟ್ಟು ಮಾತ್ರ ಹೊಸದರಂತಿದೆ, ಏಕೆಂದರೆ ರಟ್ಟುಗಾರರು ತಮ್ಮ ಅಂಟಿಗೆ ಮೈಲುತುತ್ತ ಬೆರೆಸುತ್ತಿದ್ದರು.

ಹೀಗಾಗಿ ಈ ಬಾರಿ ನಾನೇ ಮೈದಾ ಕಾಯಿಸಿದೆ. ತುತ್ತ ವಿಷವಾದುದರಿಂದ ಹುಡುಗಿಯನ್ನು ದೂರ ಕೂರಿಸಿ ಒಂದು ಚಿಟಿಕೆ ಬೆರೆಸಿ, ಅಂಟು ಹಚ್ಚುವ ಕೆಲಸವನ್ನೂ ನಾನೇ ಇಟ್ಟುಕೊಂಡೆ. ಅವಳು ಕಟ್ಟಿನ ಗುಲಾಬಿ ಹಾಳೆಗಳನ್ನು ಶುಭಾಶಯ ಪತ್ರಕ್ಕೆಂದು ತೆಗೆದಿಟ್ಟಳು. ಬೀದಿಯ ಪುಸ್ತಕಕ್ಕೆ ನಾವಿಬ್ಬರೂ ಮನೆಮನೆಗೆ ಹೋಗಿ ಒಂದೊಂದು ಚೂರು ಕೇಳಿ ತಂದೆವು: ಮಿಠಾಯಿ ಪೆಟ್ಟಿಗೆಯ ಮುಚ್ಚಳ, ಸೀರೆ ಅಂಗಡಿಯ ಚೀಲ, ಒಂದು ಮನೆಯಿಂದ ಔಷಧಿಯ ಪಟ್ಟಿ. ನಮ್ಮ ಮನೆಯ ಪುಟಕ್ಕೆ ಏನು ಎಂಬ ಪ್ರಶ್ನೆ ಬಂದಾಗ ಅವಳೇ ಟ್ರಂಕಿನಿಂದ ನನ್ನ ಲಗ್ನಪತ್ರಿಕೆಯನ್ನು ಹೊರತೆಗೆದು, “ಕಟ್ ಮಾಡಬಹುದಾ, ತಾತ?” ಎಂದಳು. ಮನೆಯಾಕೆ ಇದ್ದಿದ್ದರೆ ಏನೆನ್ನುತ್ತಿದ್ದಳೋ ಎಂದು ಒಂದು ಕ್ಷಣ ಯೋಚಿಸಿ ಕತ್ತರಿಯನ್ನು ಅವಳ ಕೈಗೆ ಕೊಟ್ಟೆ. ಹೆಸರುಗಳನ್ನು ಬಿಟ್ಟು ಅಂಚಿನ ಮಾವಿನೆಲೆಯ ಸಾಲನ್ನಷ್ಟೇ ಕತ್ತರಿಸಿದಳು. ಸ್ವಲ್ಪ ಸೊಟ್ಟಗಾಯಿತು.