ಚರ್ಚೆಯ ಕಾಲ, ಶಾಸನದ ರೂಪ: ಕರ್ನಾಟಕ ವಿಧಾನಮಂಡಲದ ನಡಾವಳಿ ನಿಯಮಗಳನ್ನು ಕುರಿತು

ತುಮಕೂರಿನ ಬಳಿಯ ವಸಂತನರಸಾಪುರದಲ್ಲಿ ಇಂದು ಯಂತ್ರೋಪಕರಣಗಳ ಉದ್ಯಾನವೂ 2014ರಲ್ಲಿ ಉದ್ಘಾಟನೆಗೊಂಡ ಆಹಾರ ಉದ್ಯಾನವೂ ನೆಲೆಗೊಂಡಿರುವ ವಿಸ್ತಾರವಾದ ಭೂಮಿಯು ಕೃಷಿಯಿಂದ ಕೈಗಾರಿಕೆಗೆ ಸಂದದ್ದು 1966ರ ಕೈಗಾರಿಕಾ ಪ್ರದೇಶಾಭಿವೃದ್ಧಿ ಅಧಿನಿಯಮದ ಮೂಲಕ. ಆ ಅಧಿನಿಯಮದ 28ನೆಯ ಪ್ರಕರಣದ ಮೇರೆಗೆ, ಪ್ರಾಥಮಿಕ ಅಧಿಸೂಚನೆ ಹೊರಟ ತರುವಾಯ ನೋಟೀಸು ಪಡೆದ ಭೂಮಾಲೀಕನಿಗೆ ತನ್ನ ಆಕ್ಷೇಪಣೆಯನ್ನು ಸಲ್ಲಿಸಲು 30 ದಿನಗಳ ಅವಕಾಶವುಂಟು; ಅವನ ಅಹವಾಲನ್ನು ಕೇಳಿದ ಮೇಲೆಯೇ ಅಂತಿಮ ಅಧಿಸೂಚನೆ ಹೊರಡತಕ್ಕದ್ದು. ಒಬ್ಬ ರೈತನ ಒಂದು ಹೊಲದ ವಿಷಯದಲ್ಲಿ ಶಾಸನವು ಇಷ್ಟು ಕಾಲವನ್ನು ವಿಧಿಸಿರುವಾಗ, ರಾಜ್ಯದ ಸಮಸ್ತ ಹೊಲಗಳ ಸ್ಥಿತಿಯನ್ನು ಮಾರ್ಪಡಿಸುವ ವಿಧೇಯಕವೊಂದಕ್ಕೆ ಶಾಸನಸಭೆಯು ತಾನೇ ಎಷ್ಟು ಕಾಲವನ್ನು ಕೊಡುತ್ತದೆಂಬುದು ಪರಿಶೀಲನಾರ್ಹವಾದ ಪ್ರಶ್ನೆ.

ವಿಧೇಯಕದ ಗತಿಯನ್ನು ಬಹುಮತವೊಂದೇ ನಿರ್ಣಯಿಸುತ್ತದೆಂಬ ಸಾಮಾನ್ಯ ನಂಬಿಕೆ ಅರ್ಧಸತ್ಯವೆಂಬುದು ನನ್ನ ಅಭಿಪ್ರಾಯ. ಮಂಡನೆ, ಪರ್ಯಾಲೋಚನೆ, ಅಂಗೀಕಾರ ಎಂಬ ಮೂರು ಘಟ್ಟಗಳಲ್ಲಿ ಮೊದಲನೆಯದು ಬಹುಮಟ್ಟಿಗೆ ಔಪಚಾರಿಕ. ಕಡೆಯದರಲ್ಲಿ ಪಠ್ಯವು ಆಗಲೇ ಸ್ಥಿರಗೊಂಡಿರುತ್ತದೆ. ಶಾಸನದ ಪದಗಳು ಇನ್ನೂ ಹಸಿಯಾಗಿರುವುದು ಖಂಡಖಂಡವಾಗಿ ವಿಮರ್ಶೆ ನಡೆಯುವ ನಡುವಣ ಘಟ್ಟದಲ್ಲಿ ಮಾತ್ರ. ತಿದ್ದುಪಡಿಗೆ ಮುಂಚಿತವಾಗಿ ಸೂಚನೆ ಕೊಡಬೇಕು. ಸೂಚನೆ ಕೊಡಬೇಕಾದರೆ ವಿಧೇಯಕದ ಪ್ರತಿಯು ಸದಸ್ಯನ ಕೈಸೇರಿ, ಅವನು ಅದನ್ನು ಓದಿ, ತನ್ನ ಕ್ಷೇತ್ರದ ತಿಳಿದವರೊಡನೆ ಆಲೋಚಿಸಿರಬೇಕು. ಆದುದರಿಂದ ಪ್ರತಿ ಹಂಚಿಕೆಗೂ ಪರ್ಯಾಲೋಚನೆಗೂ ನಡುವಣ ಅಂತರವು ಕ್ಷೀಣಿಸಿದಷ್ಟೂ, ನಿಯಮಪುಸ್ತಕದಲ್ಲಿ ಒಂದಕ್ಷರವೂ ಬದಲಾಗದೆಯೇ, ತಿದ್ದುಪಡಿಯ ಹಕ್ಕು ನಿಸ್ಸಾರವಾಗುತ್ತದೆ.

2020ರ ಭೂಸುಧಾರಣಾ ತಿದ್ದುಪಡಿಯು ಇದಕ್ಕೆ ನಿದರ್ಶನ. ದೇವರಾಜ ಅರಸರ ಕಾಲದಲ್ಲಿ, 1974ರಲ್ಲಿ ಜಾರಿಗೆ ಬಂದ ತಿದ್ದುಪಡಿಯಿಂದ ಸೇರಿದ 79ಎ ಮತ್ತು 79ಬಿ ಪ್ರಕರಣಗಳು, ಕೃಷಿಯೇತರ ಆದಾಯವು ಮಿತಿಮೀರಿದವರೂ ಕೃಷಿಕರಲ್ಲದವರೂ ಸಾಗುವಳಿ ಭೂಮಿಯನ್ನು ಪಡೆಯದಂತೆ ತಡೆದಿದ್ದವು. ಸುಮಾರು ಅರ್ಧ ಶತಮಾನ ಬಾಳಿದ ಈ ತಡೆ ಮೊದಲು ಬಿದ್ದದ್ದು ಸದನದಲ್ಲಲ್ಲ. ಆ ವರ್ಷದ ಜುಲೈ ತಿಂಗಳ ಸುಗ್ರೀವಾಜ್ಞೆಯಿಂದ. ವಿಧಾನಸಭೆಯು ವಿಧೇಯಕವನ್ನು ಅಂಗೀಕರಿಸಿದ ಸೆಪ್ಟೆಂಬರ್ 26ರಂದೇ ಸರ್ಕಾರದ ಮೇಲಣ ಅವಿಶ್ವಾಸ ನಿರ್ಣಯದ ಚರ್ಚೆಯೂ ನಡೆಯಿತು. ಸಾಂಕ್ರಾಮಿಕದ ಭೀತಿಯಿಂದ ಮೊಟಕುಗೊಂಡಿದ್ದ ಅಧಿವೇಶನದ ಕಡೆಯ ದಿನವದು. ಪರಿಷತ್ತಿನಲ್ಲಿ ಆಗ ಅನುಮೋದನೆ ದೊರೆಯಲಿಲ್ಲ. ಮತ್ತೊಂದು ಸುಗ್ರೀವಾಜ್ಞೆ ಹೊರಟಿತು. ಡಿಸೆಂಬರ್ 8ರಂದು ಜಾತ್ಯತೀತ ಜನತಾದಳದ ಬೆಂಬಲದಿಂದ ಪರಿಷತ್ತು ಒಪ್ಪಿತು. ಹೀಗೆ, ಗುಬ್ಬಿ ಕುಣಿಗಲುಗಳ ರಾಗಿಯ ಹೊಲ, ತೆಂಗಿನ ತೋಟಗಳನ್ನು ಯಾರು ಕೊಳ್ಳಬಹುದೆಂಬ ನಿಯಮವು, ಆ ಸೀಮೆಯ ಪ್ರತಿನಿಧಿಗಳು ಸದನದಲ್ಲಿ ಬಾಯ್ದೆರೆಯುವುದಕ್ಕೆ ಮುನ್ನವೇ ಬದಲಾಗಿ, ಜಾರಿಯಲ್ಲಿದ್ದಿತು. ತಿದ್ದುಪಡಿಯು ಸಾಧುವೋ ಅಸಾಧುವೋ ಎಂಬ ವಾದವನ್ನು ನಾನಿಲ್ಲಿ ಎತ್ತುವುದಿಲ್ಲ. ಜಾರಿಯಲ್ಲಿರುವ ಕಾನೂನನ್ನು ಕುರಿತು ನಡೆಯುವ ಚರ್ಚೆಯು ಆಲೋಚನೆಯಾಗದೆ ಸ್ಥಿರೀಕರಣವಾಗುತ್ತದೆಂಬುದಷ್ಟೇ ನನ್ನ ವ್ಯಥೆ.

ಇದಕ್ಕೆ ವ್ಯತಿರಿಕ್ತವಾದ ಮಾರ್ಗವೂ ನಮ್ಮಲ್ಲಿ ಉಂಟು. 2017ರಲ್ಲಿ ಆರೋಗ್ಯ ಸಚಿವ ಕೆ. ಆರ್. ರಮೇಶ್ ಕುಮಾರರು ತಂದ ಖಾಸಗಿ ವೈದ್ಯಕೀಯ ಸಂಸ್ಥೆಗಳ ತಿದ್ದುಪಡಿ ವಿಧೇಯಕವನ್ನು ಉಭಯ ಸದನಗಳ ಜಂಟಿ ಸಮಿತಿಗೆ ಒಪ್ಪಿಸಲಾಯಿತು. ಅದರ ಅಧ್ಯಕ್ಷರು ತುಮಕೂರು ಜಿಲ್ಲೆಯ ಮಧುಗಿರಿಯ ಶಾಸಕರಾದ ಕೆ. ಎನ್. ರಾಜಣ್ಣನವರು. ನವೆಂಬರಿನಲ್ಲಿ ವೈದ್ಯರ ಮುಷ್ಕರವೂ ನಡೆದು, ಬೆಳಗಾವಿಯ ಅಧಿವೇಶನದಲ್ಲಿ ಅಂಗೀಕಾರವಾಗುವ ವೇಳೆಗೆ ಅದರ ದಂಡನೆಯ ಉಪಬಂಧಗಳು ಮೃದುವಾಗಿದ್ದವು. ಬೀದಿಯ ಒತ್ತಡಕ್ಕೆ ಸರ್ಕಾರ ಮಣಿಯಿತೆಂದು ಆಕ್ಷೇಪಿಸುವವರಿದ್ದಾರೆ, ಆ ಆಕ್ಷೇಪದಲ್ಲಿ ಹುರುಳಿಲ್ಲದಿಲ್ಲ. ಸಮಿತಿಗೆ ಸಂದ ತಿಂಗಳುಗಳು ರೋಗಿಗಳ ಪಕ್ಷಕ್ಕೂ ಆಸ್ಪತ್ರೆಗಳ ಪಕ್ಷಕ್ಕೂ ಸಮಾನವಾಗಿ ಒದಗಿದವೆಂದು ಹೇಳುವಂತಿಲ್ಲ; ಸಂಘಟಿತರಾದವರೇ ಕಾಲಾವಕಾಶವನ್ನು ಹೆಚ್ಚಾಗಿ ಬಳಸಿಕೊಳ್ಳಬಲ್ಲರು. ಆದರೂ ಎರಡು ಪಕ್ಷಗಳೂ ಪಠ್ಯವನ್ನು ಮುಂದಿಟ್ಟುಕೊಂಡು ವಾದಿಸಿದವು.

ಮೇಲ್ಮನೆಯ ಶಕ್ತಿಯೂ ಕಾಲದ ಶಕ್ತಿಯೇ. ಸಂವಿಧಾನದ 197ನೆಯ ಅನುಚ್ಛೇದದ ಪ್ರಕಾರ, ಹಣಕಾಸಿನದಲ್ಲದ ವಿಧೇಯಕವನ್ನು ಪರಿಷತ್ತು ತಿರಸ್ಕರಿಸಿದರೂ ಮೂರು ತಿಂಗಳು ತಡೆದರೂ ವಿಧಾನಸಭೆಯು ಅದನ್ನು ಪುನಃ ಅಂಗೀಕರಿಸಬಹುದು. ಅನಂತರ ಪರಿಷತ್ತು ಮತ್ತೆ ತಿರಸ್ಕರಿಸಿದರೂ, ಅನುಮೋದಿಸದೆ ಒಂದು ತಿಂಗಳು ಕಳೆದರೂ ಅದು ಉಭಯ ಸದನಗಳಿಂದ ಅಂಗೀಕೃತವಾದಂತೆ ಭಾವಿಸಲ್ಪಡುತ್ತದೆ. ಸಂಸತ್ತಿನಲ್ಲಿರುವ ಜಂಟಿ ಅಧಿವೇಶನದ ಏರ್ಪಾಡು ರಾಜ್ಯಗಳಿಗಿಲ್ಲ. 2024ರ ಫೆಬ್ರವರಿ 23ರಂದು ಪರಿಷತ್ತು ಧ್ವನಿಮತದಿಂದ ತಿರಸ್ಕರಿಸಿದ ಹಿಂದೂ ಧಾರ್ಮಿಕ ಸಂಸ್ಥೆಗಳ ತಿದ್ದುಪಡಿ ವಿಧೇಯಕವನ್ನು ವಿಧಾನಸಭೆಯು ಅದೇ ತಿಂಗಳ 29ರಂದು ಪುನಃ ಅಂಗೀಕರಿಸಿತು. ಆ ಆರು ದಿನಗಳನ್ನು ಮರುಚಿಂತನೆಯ ಕಾಲವೆನ್ನುವುದು ಕಷ್ಟ.

ಹಳೆಯ ಮೈಸೂರಿನ ಪದ್ಧತಿಯೊಂದು ಇಲ್ಲಿ ಸ್ಮರಣೀಯ. ದಿವಾನ್ ರಂಗಾಚಾರ್ಲು ಅವರು 1881ರಲ್ಲಿ ಸ್ಥಾಪಿಸಿದ ಪ್ರಜಾಪ್ರತಿನಿಧಿ ಸಭೆಗೆ ಮೊದಲಲ್ಲಿ ಶಾಸನಾಧಿಕಾರವಿರಲಿಲ್ಲ. ತಾಲ್ಲೂಕುಗಳಿಂದ ಬಂದ ಭೂಮಾಲೀಕರೂ ವರ್ತಕರೂ ದಸರೆಯಲ್ಲಿ ನೆರೆದು ಅಹವಾಲು ಹೇಳಿಕೊಳ್ಳುತ್ತಿದ್ದರು. 1923ರ ಸುಧಾರಣೆಗಳು, ತುರ್ತು ಸಂದರ್ಭಗಳನ್ನುಳಿದು, ವಿಧೇಯಕವು ನ್ಯಾಯವಿಧಾಯಕ ಸಭೆಯಲ್ಲಿ ಮಂಡಿತವಾಗುವ ಮುನ್ನ ಅದರ ಸಾಮಾನ್ಯ ತತ್ತ್ವಗಳನ್ನು ಕುರಿತು ಈ ಸಭೆಯ ಅಭಿಪ್ರಾಯವನ್ನು ಕೇಳಬೇಕೆಂದು ವಿಧಿಸಿದವು. ಮತಾಧಿಕಾರ ಸಂಕುಚಿತವಾಗಿದ್ದ ಆ ಕಾಲವನ್ನು ಆದರ್ಶವೆನ್ನಲಾಗದು; ಆದರೆ ಮಂಡನೆಗೆ ಮುಂಚೆ ಕೇಳುವ ಆ ಕ್ರಮ ಮಾತ್ರ ಅನುಕರಣೀಯ.

ನಡಾವಳಿಯ ಲೋಪವನ್ನೇ ಮುಂದೊಡ್ಡಿ ಸದನದ ಕಲಾಪವನ್ನು ಪ್ರಶ್ನಿಸಲು 212ನೆಯ ಅನುಚ್ಛೇದವು ಅವಕಾಶ ಕೊಡುವುದಿಲ್ಲ. ನಿಯಮ ರಚನೆಯ ಅಧಿಕಾರವನ್ನು 208ನೆಯದು ಸದನಕ್ಕೇ ಒಪ್ಪಿಸಿದೆ. ವರ್ಷಕ್ಕೆ 60 ದಿನ ಸೇರಬೇಕೆಂದು 2005ರಲ್ಲಿ ತಾನೇ ಶಾಸನ ಮಾಡಿಕೊಂಡ ವಿಧಾನಮಂಡಲವು, ಭೂಮಿಯ ಒಡೆತನವನ್ನು ಮುಟ್ಟುವ ಪ್ರತಿಯೊಂದು ವಿಧೇಯಕವೂ ಜಂಟಿ ಸಮಿತಿಗೆ ಹೋಗತಕ್ಕದ್ದೆಂದೂ, ಸಮಿತಿಯು ಸಂಬಂಧಪಟ್ಟ ಜಿಲ್ಲೆಗಳಲ್ಲಿ ಕುಳಿತು 30 ದಿನಗಳಿಗೆ ಕಡಮೆಯಿಲ್ಲದಂತೆ ಜನರ ಅಹವಾಲನ್ನು ಕೇಳತಕ್ಕದ್ದೆಂದೂ ತನ್ನ ನಿಯಮಗಳಲ್ಲಿ ಸೇರಿಸಿಕೊಳ್ಳಲು ಯಾರ ಅನುಮತಿಯೂ ಬೇಕಾಗಿಲ್ಲ.