ಕೆರೆಗೊಂದು ಗದ್ದೆ

ನಮ್ಮ ಮನೆ ಬಿಜೈಯಲ್ಲಿ ಅಂದ ಕೂಡಲೇ ಊರ ಹೊರಗಿನವರು ಕೇಳುವ ಪ್ರಶ್ನೆ ಒಂದೇ, "ಕೆ.ಎಸ್.ಆರ್.ಟಿ.ಸಿ. ಬಸ್ ಸ್ಟ್ಯಾಂಡ್ ಹತ್ತಿರವಾ?" ಹೌದು, ಹತ್ತಿರವೇ. ಸ್ವಲ್ಪ ಇತಿಹಾಸದ ಹುಚ್ಚಿರುವವರಾದರೆ "ಮ್ಯೂಸಿಯಂ ಹತ್ತಿರವಾ?" ಅಂತ ಕೇಳುತ್ತಾರೆ. ಕರ್ನಲ್ ಮಿರಾಜ್ಕರ್ ತಮ್ಮ ತಾಯಿಯ ನೆನಪಿಗೆಂದು ಕೊಟ್ಟ ಹಡಗಿನಾಕಾರದ ಬಂಗಲೆಯಲ್ಲಿ 1960ರಲ್ಲಿ ತೆರೆದ ಶ್ರೀಮಂತಿ ಬಾಯಿ ಸ್ಮಾರಕ ಸರಕಾರಿ ವಸ್ತುಸಂಗ್ರಹಾಲಯ ಅದು. ಆದರೆ ಇದುವರೆಗೆ ಒಬ್ಬರೂ "ಯಾವ ಕೆರೆಯ ಹತ್ತಿರ?" ಅಂತ ಕೇಳಿದ್ದಿಲ್ಲ. ಹಿಂದೆಲ್ಲ ಮನೆಯ ಗುರುತು ಹೇಳುತ್ತಿದ್ದುದೇ ಹಾಗೆ.. ಕೆರೆಯ ಬದಿ, ತೋಡಿನ ಆಚೆ, ಕಟ್ಟೆಯ ಕೆಳಗೆ.

ಮೊನ್ನೆ ಆದಿತ್ಯವಾರ ಗೆಳೆಯನೊಬ್ಬನ ಜೊತೆ ಗುಜ್ಜರಕೆರೆಗೆ ಹೋಗಿದ್ದೆ. ಜೆಪ್ಪು, ಮಂಗಳಾದೇವಿ ಕಡೆಯ ಹಳೆಯ ಕೆರೆ. ಒಂದು ಸುತ್ತು ಬಂದು ಕೂತಾಗ ಅವನು ಕೇಳಿದ, "ಕೆರೆ ಚಂದ ಮಾಡಿದ್ದಾರೆ ಮಾರಾಯ. ಇನ್ನು ಇದನ್ನು ನೋಡಿಕೊಳ್ಳುವುದು ಯಾರು?" ನಾನು "ಸರಕಾರ" ಅಂದೆ. ಅವನು ನಕ್ಕ. ಆ ನಗು ಮನೆಗೆ ಬಂದ ಮೇಲೂ ಬಿಡಲಿಲ್ಲ. ಈ ಬರಹ ಅದರಿಂದಲೇ ಹುಟ್ಟಿದ್ದು.

*

ಮೊದಲು ನಮ್ಮೂರಿನ ನೆಲದ ವಿಷಯ. ಮಂಗಳೂರೆಂದರೆ ಗುಡ್ಡೆ ಮತ್ತು ಬೈಲು. ತುಳುನಾಡಿನ ಬೇಸಾಯಗಾರರು ಗದ್ದೆಯನ್ನು ನೀರಿನ ಲೆಕ್ಕದಲ್ಲಿ ಮೂರು ಮಾಡಿದ್ದರು: ಎತ್ತರದ್ದು ಬೆಟ್ಟು, ನಡುವಿನದ್ದು ಮಜಲು, ತಗ್ಗಿನದ್ದು ಬೈಲು. ಬೆಟ್ಟುಗದ್ದೆಗೆ ಮಳೆಗಾಲದ ಏಣೆಲು ಬೆಳೆ ಒಂದೇ. ಮಜಲಿಗೆ ಅದರ ಮೇಲೆ ಸುಗ್ಗಿ. ಬೈಲಿಗೆ ಮೂರನೆಯದಾಗಿ ಕೊಳಕೆಯೂ ಉಂಟು. ಈಗ ವಕೀಲರ ಕಚೇರಿ, ಆಸ್ಪತ್ರೆಗಳಿರುವ ಕೊಡಿಯಾಲಬೈಲಿನ ಹೆಸರಲ್ಲಿ ಆ ಬೈಲು ಇನ್ನೂ ಕೂತಿದೆ ನೋಡಿ.

ಇಲ್ಲಿ ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರಿಗೂ ಹೆಚ್ಚು ಮಳೆ. ಅಷ್ಟಿದ್ದೂ ಕೆರೆ ಯಾಕೆ ಬೇಕಿತ್ತು? ಮಳೆ ಹೆಚ್ಚುಕಡಿಮೆ ನಾಲ್ಕೇ ತಿಂಗಳಲ್ಲಿ ಸುರಿದು ಮುಗಿಯುತ್ತದೆ. ನಮ್ಮ ಮುರಕಲ್ಲು ತೂತು ತೂತಿನ ಕಲ್ಲು, ನೀರನ್ನು ಕುಡಿಯುತ್ತದೆ, ಹಾಗೆಯೇ ಬಿಟ್ಟೂ ಬಿಡುತ್ತದೆ. ಗುಡ್ಡೆಯ ಮೇಲೆ ಇಂಗಿದ ನೀರು ಕೆಳಗಿನ ಜೇಡಿಯ ಪದರ ತಾಗಿದಲ್ಲಿ ಬದಿಗೆ ಸರಿದು ಇಳಿಜಾರಿನಲ್ಲಿ ಒರತೆಯಾಗಿ ಹೊರಬರುತ್ತದೆ. ಆ ಒರತೆಯನ್ನು ನಾಲ್ಕು ದಿನ ಹೆಚ್ಚು ನಿಲ್ಲಿಸಿಕೊಳ್ಳುವ ಉಪಾಯವೇ ಕೆರೆ. ಕೊಳಕೆ ಬೆಳೆಗೆ ಏತದಲ್ಲಿ ಎತ್ತಲು, ದನಕರು ಮೀಯಿಸಲು, ಬಟ್ಟೆ ಒಗೆಯಲು, ಬಾವಿಯ ನೀರು ಇಳಿಯದ ಹಾಗೆ ನೋಡಿಕೊಳ್ಳಲು ಅದು ಬೇಕಿತ್ತು.

ನಮ್ಮ ಬಿಜೈಯ ಮಗ್ಗುಲಲ್ಲೇ ಇರುವ ಕದ್ರಿ ಗುಡ್ಡೆಯನ್ನು ನೋಡಿದರೆ ಇದು ಅರ್ಥವಾಗುತ್ತದೆ. ಮಂಜುನಾಥ ದೇವಸ್ಥಾನದ ಹಿಂದೆ, ಎತ್ತರದಲ್ಲಿ, ಗೋಮುಖದಿಂದ ಬರುವ ಒರತೆಯ ನೀರು ಚಿಕ್ಕ ದೊಡ್ಡ ಕೆರೆಗಳಿಗೆ ಇಳಿಯುತ್ತದೆ. ಅಲ್ಲಿನ ಲೋಕೇಶ್ವರನ ಕಂಚಿನ ವಿಗ್ರಹದ ಪೀಠದಲ್ಲಿ ಆಳುಪರ ಅರಸ ಕುಂದವರ್ಮನ ಶಾಸನ ಉಂಟು, ಕ್ರಿ.ಶ. 968ರದ್ದು. ಅಂದರೆ ಆ ಗುಡ್ಡೆಯ ಮೇಲೆ ಸಾವಿರ ವರ್ಷಕ್ಕೂ ಹೆಚ್ಚು ಕಾಲದಿಂದ ಜನ ಬಂದುಹೋಗುತ್ತಿದ್ದಾರೆ. ಅಲ್ಲಿನ ಜೋಗಿ ಮಠದ ಅರಸನನ್ನು ಇಟಲಿಯ ಪ್ರವಾಸಿ ಪಿಯೆತ್ರೋ ದೆಲ್ಲಾ ವಾಲ್ಲೆ 1623ರಲ್ಲಿ ಕಂಡು ಬರೆದಿದ್ದಾನೆ. ಹನ್ನೆರಡು ವರ್ಷಕ್ಕೊಮ್ಮೆ ಹೊಸ ಅರಸನನ್ನು ಕೂರಿಸಲು ನಾಸಿಕದ ತ್ರ್ಯಂಬಕೇಶ್ವರದಿಂದ ಜೋಗಿಗಳು ನಡೆದು ಬರುತ್ತಾರೆ. ಕಳೆದ ಸಲ ಬಂದದ್ದು 2016ರಲ್ಲಿ.

ಕದ್ರಿಯ ಕೆರೆಗಳು ಉಳಿದದ್ದು ಬರೀ ಭಕ್ತಿಯಿಂದ ಅಂತ ನನಗೆ ಅನಿಸುವುದಿಲ್ಲ. ಅವಕ್ಕೆ ದಿನಾ ಕೆಲಸ ಇದೆ. ದೇವರ ದರ್ಶನಕ್ಕೆ ಮೊದಲು ಜನ ಅಲ್ಲಿ ಕಾಲು ತೊಳೆಯುತ್ತಾರೆ, ಮೀಯುತ್ತಾರೆ. ನೀರು ಕೆಟ್ಟರೆ ಮರುದಿನವೇ ಕೇಳುವವರು ಇರುತ್ತಾರೆ, ಕೇಳಿಸಿಕೊಳ್ಳಲು ದೇವಸ್ಥಾನ ಅಂತ ಒಂದು ಇದೆ. ಕೆಲಸ ಮತ್ತು ಹೊಣೆ, ಇವೆರಡು ಇದ್ದ ಕೆರೆ ಉಳಿಯಿತು.

*

ಕೆರೆಯ ಹೊಣೆಯನ್ನು ಹಿಂದಿನವರು ಹೇಗೆ ಕಟ್ಟಿಹಾಕುತ್ತಿದ್ದರು ಎಂದು ತಿಳಿಯಬೇಕಾದರೆ ಸ್ವಲ್ಪ ಘಟ್ಟ ಹತ್ತಬೇಕು. ಕರ್ನಾಟಕದ ಮೂವತ್ತಾರು ಸಾವಿರದಷ್ಟು ಕೆರೆಗಳಲ್ಲಿ ಹೆಚ್ಚಿನವು ಬಯಲುಸೀಮೆಯವು. ಅಲ್ಲಿನ ಶಾಸನಗಳಲ್ಲಿ ಮತ್ತೆ ಮತ್ತೆ ಬರುವ ಶಬ್ದಗಳು: ಬಿತ್ತುವಟ್ಟ, ಕಟ್ಟುಗೊಡಗೆ, ದಸವಂದ. ವಿವರಗಳು ಬೇರೆ ಬೇರೆಯಾದರೂ ತಿರುಳು ಒಂದೇ. ಕೆರೆ ಕಟ್ಟಿಸಿದವನಿಗೆ ಅಥವಾ ಅದನ್ನು ನೋಡಿಕೊಳ್ಳುವವನಿಗೆ ಅದೇ ಕೆರೆಯ ನೀರು ಕುಡಿಯುವ ಗದ್ದೆಯಲ್ಲೊಂದು ಪಾಲು. ನೀರು ಹಂಚುವ ನೀರಗಂಟಿಗೂ ಹೀಗೆಯೇ.

ಎಷ್ಟು ಸರಳ ಲೆಕ್ಕ ನೋಡಿ. ಹೂಳು ತುಂಬಿದರೆ ಮೊದಲು ಒಣಗುವುದು ಅವನದೇ ಗದ್ದೆ! ಕೆರೆಯ ಮೇಲೆ ಪ್ರೀತಿ ಇರಲಿ ಬಿಡಲಿ, ಅನ್ನಕ್ಕಾಗಿಯಾದರೂ ಅವನು ಗುದ್ದಲಿ ಹಿಡಿಯಲೇಬೇಕು. ಕಟ್ಟಿಸಿದವನ ಹೆಸರು ಕಲ್ಲಿನ ಮೇಲೆ ಇರುತ್ತಿತ್ತು ನಿಜ, ಆದರೆ ಅದರ ಜೊತೆಗೇ ಮುಂದಿನ ವರ್ಷದ ರಿಪೇರಿಯ ದಾರಿಯೂ ಇರುತ್ತಿತ್ತು.

ವಿಜಯನಗರದ ಕಾಲದ ಪೋರುಮಾಮಿಳ್ಳ ಶಾಸನ (ಈಗಿನ ಕಡಪ ಜಿಲ್ಲೆ, 1369) ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತದೆ. ಬುಕ್ಕರಾಯನ ಮಗ ಭಾಸ್ಕರ ಕಟ್ಟಿಸಿದ ಕೆರೆ ಅದು. ಒಳ್ಳೆಯ ಕೆರೆಗೆ ಬೇಕಾದ ಹನ್ನೆರಡು ಸಾಧನಗಳನ್ನೂ ಆರು ದೋಷಗಳನ್ನೂ ಶಾಸನ ಪಟ್ಟಿ ಮಾಡುತ್ತದೆ. ಏರಿಯಿಂದ ನೀರು ಸೋರುವುದು, ಚೌಳು ಮಣ್ಣು ಇವೆಲ್ಲ ಯಾರಿಗೂ ಹೊಳೆಯುವ ದೋಷಗಳು. ನನ್ನನ್ನು ಹಿಡಿದು ನಿಲ್ಲಿಸಿದ್ದು ಇನ್ನೊಂದು: ಕೆರೆ ಎರಡು ರಾಜ್ಯಗಳ ಗಡಿಯಲ್ಲಿ ಇರುವುದು ದೋಷ! ಇಬ್ಬರು ಒಡೆಯರ ಕೆರೆಗೆ ಒಡೆಯನೇ ಇಲ್ಲ ಅಂತ ಆರೂವರೆ ಶತಮಾನದ ಹಿಂದೆಯೇ ಗೊತ್ತಿತ್ತು. ಈಗಿನ ಪೇಟೆಯ ಕೆರೆಯನ್ನು ನೋಡಿ. ಜಾಗದ ದಾಖಲೆ ಒಂದು ಇಲಾಖೆಯದ್ದು, ದಂಡೆಯ ಕಾಮಗಾರಿ ಇನ್ನೊಂದರದ್ದು, ಪಕ್ಕದಲ್ಲಿ ಹಾದುಹೋಗುವ ಒಳಚರಂಡಿ ಮತ್ತೊಂದರದ್ದು. ಎರಡಲ್ಲ, ನಾಲ್ಕು ರಾಜ್ಯಗಳ ಗಡಿ!

*

ಹಾಗಂತ ಹಿಂದಿನ ಕಾಲ ಬಂಗಾರದ್ದಾಗಿತ್ತು ಅಂತ ಹೇಳಲು ನಾನು ಹೊರಟಿಲ್ಲ. ಹೂಳೆತ್ತುವ ಕೆಲಸದಲ್ಲಿ ಬಿಟ್ಟಿ ದುಡಿಮೆಯೂ ಇತ್ತು. ತಲೆ ಮೇಲೆ ಮಣ್ಣು ಹೊತ್ತವರಿಗೆ ಅದೇ ಕೆರೆಯಲ್ಲಿ ಇಳಿಯುವ ಹಕ್ಕು ಇರದ ಊರುಗಳು ಎಷ್ಟೋ. ಕುದ್ಮುಲ್ ರಂಗರಾಯರು ಮಂಗಳೂರಿನಲ್ಲಿ ಡಿಪ್ರೆಸ್ಡ್ ಕ್ಲಾಸಸ್ ಮಿಷನ್ ಶುರು ಮಾಡಿದ್ದು 1897ರಲ್ಲಿ. ಶಾಲೆಯ ಬಾಗಿಲು, ಬಾವಿಯ ಕಟ್ಟೆ ಎಲ್ಲವೂ ಒಂದು ದೊಡ್ಡ ಜನಸಮೂಹಕ್ಕೆ ಮುಚ್ಚಿದ್ದ ಕಾಲ ಅದು. "ಹಿಂದೆ ಕೆರೆ ಎಲ್ಲರದ್ದೂ ಆಗಿತ್ತು" ಅನ್ನುವವರು ಇದನ್ನು ಮರೆಯಬಾರದು. ಆ ವ್ಯವಸ್ಥೆಯಿಂದ ಕಲಿಯುವುದಿದ್ದರೆ ಅದರ ಲೆಕ್ಕಾಚಾರವನ್ನು ಕಲಿಯೋಣ, ಅದರ ಮೇಲುಕೀಳನ್ನಲ್ಲ.

ಆ ವ್ಯವಸ್ಥೆ ಮುರಿದದ್ದು ಒಂದೇ ದಿನದಲ್ಲಿ ಅಲ್ಲ. 1974ರ ಭೂಸುಧಾರಣೆ ನಮ್ಮ ಜಿಲ್ಲೆಯಲ್ಲಿ ಚೆನ್ನಾಗಿ ಜಾರಿಯಾಯಿತು, ಗೇಣಿಯವರು ಒಡೆಯರಾದರು. ಆಗಬೇಕಾದದ್ದೇ. ಆದರೆ ಹತ್ತು ಒಕ್ಕಲನ್ನು ಒಟ್ಟು ಸೇರಿಸಿ ಕೆರೆಗೆ ಇಳಿಸುತ್ತಿದ್ದ ಹಳೆಯ ಏರ್ಪಾಡು ಹೋದಾಗ ಅದರ ಜಾಗಕ್ಕೆ ಹೊಸದೊಂದು ಬರಲಿಲ್ಲ. ಪಂಪ್‌ಸೆಟ್ ಬಂತು, ಏತ ಹೋಯಿತು. ನೇತ್ರಾವತಿಗೆ ತುಂಬೆಯಲ್ಲಿ ಕಟ್ಟಿದ ಕಿಂಡಿ ಅಣೆಕಟ್ಟಿನಿಂದ ಪೈಪಿನಲ್ಲಿ ನೀರು ಮನೆಯೊಳಗೇ ಬಂತು. ಪೇಟೆಯ ಗದ್ದೆಗಳು ಸೈಟುಗಳಾದವು. ಕೆರೆಗೆ ಇದ್ದ ಕೆಲಸ ಒಂದೊಂದಾಗಿ ಹೋಯಿತು. ಕೊನೆಗೆ ಉಳಿದ ಕೆಲಸ ಒಂದೇ, ಬೇಡದ್ದನ್ನು ಎಸೆಯುವ ಜಾಗವಾಗುವುದು.

ಗುಜ್ಜರಕೆರೆಯ ಕತೆ ಇದೇ. ನಾಥಪಂಥದ ಗೋರಖನಾಥರ ಜೊತೆ ಅದರ ಹೆಸರನ್ನು ಜೋಡಿಸುವ ಐತಿಹ್ಯವಿದೆ. ಊರಿಗೇ ಹೆಸರು ಕೊಟ್ಟ ಮಂಗಳಾದೇವಿಯ ನೆರೆಯ ಕೆರೆ. ಜೆಪ್ಪುವಿನಲ್ಲಿ 1865ರಲ್ಲಿ ಬಾಸೆಲ್ ಮಿಷನ್ನಿನ ಹಂಚಿನ ಕಾರ್ಖಾನೆ ಶುರುವಾದ ಮೇಲೆ ಸುತ್ತಲ ಪೇಟೆ ಬೆಳೆಯುತ್ತ ಹೋಯಿತು. ಕೊನೆಗೊಮ್ಮೆ ಒಳಚರಂಡಿಯ ನೀರು ಸೋರಿ ಕೆರೆಗೆ ಸೇರಿತು, ದಂಡೆಯ ಮನೆಗಳ ಬಾವಿ ನೀರಿನ ಮೇಲೂ ಸಂಶಯ ಹುಟ್ಟಿತು. ಸುಮ್ಮನೆ ಕೂರದೆ ವರ್ಷಗಟ್ಟಲೆ ಮನವಿ ಕೊಟ್ಟು, ಓಡಾಡಿ, ಕೆರೆಯ ಹೆಸರನ್ನು ಸುದ್ದಿಯಲ್ಲಿ ಇಟ್ಟವರು ಅಲ್ಲಿನ ನಿವಾಸಿಗಳೇ. ಹಲವು ಹಂತಗಳಲ್ಲಿ ಸರಕಾರದ ಹಣ ಬಂತು. 2020ರ ನಂತರ ಸ್ಮಾರ್ಟ್ ಸಿಟಿ ಯೋಜನೆಯಲ್ಲಿ ದಂಡೆ, ನಡೆಯುವ ದಾರಿ ಎಲ್ಲ ಆಯಿತು. ಕಾವೂರಿನ ಕೆರೆಗೂ ಅದೇ ಯೋಜನೆ ತಲುಪಿತು.

ಇದೆಲ್ಲ ಒಳ್ಳೆಯದೇ. ಬೆಳಗ್ಗೆ ನಾಲ್ಕು ಜನ ನಡೆಯಲು ಬಂದರೆ ಕೆರೆಯ ಮೇಲೆ ನಾಲ್ಕು ಜೊತೆ ಕಣ್ಣು ಇರುತ್ತದೆ. ಆದರೆ ಕಾಮಗಾರಿಗೆ ಹಣ ಬರುವುದು ಒಂದು ಸಲ, ಹೂಳು ಬರುವುದು ಪ್ರತಿ ಮಳೆಗಾಲ. ಹೊಸ ಕಲ್ಲಿನಲ್ಲಿ ಉದ್ಘಾಟಿಸಿದವರ ಹೆಸರು ಉಂಟು. ಬಿತ್ತುವಟ್ಟ ಇಲ್ಲ.

*

ಬಿತ್ತುವಟ್ಟ ಅಂದರೆ ಗದ್ದೆಯೇ ಆಗಬೇಕೆಂದಿಲ್ಲ. ಸುರತ್ಕಲ್ ಹತ್ತಿರದ ಚೇಳ್ಯಾರಿನ ಖಂಡಿಗೆಯಲ್ಲಿ ನಂದಿನಿ ಹೊಳೆಗೆ ಮೇ ನಡುವಿನ ಸಂಕ್ರಮಣದ ದಿನ ಊರಿಗೆ ಊರೇ ಬಲೆ ಹಿಡಿದು ಇಳಿಯುತ್ತದೆ. ಜಾತ್ರೆಯ ಮೀನು ಹಿಡಿಯುವ ಹಬ್ಬ ಅದು. ಮಿಕ್ಕ ದಿನ ಅಲ್ಲಿ ಬಲೆ ಹಾಕುವಂತಿಲ್ಲ. ವರ್ಷವಿಡೀ ಕಾಯುವವರಿಗೆಲ್ಲ ಒಂದು ದಿನದ ಪಾಲು! ಆದರೆ ಇತ್ತೀಚಿನ ವರ್ಷಗಳಲ್ಲಿ ಹೊಳೆಗೆ ಕೊಳಚೆ ಸೇರಿ, ಇಳಿಯಲು ಜನ ಹಿಂಜರಿಯುವ ಸುದ್ದಿಯೂ ಬಂತು. ಊರ ಕಟ್ಟುಪಾಡು ಊರಿನವರನ್ನು ಮಾತ್ರ ಕಟ್ಟುತ್ತದೆ, ಮೇಲಿನಿಂದ ಬರುವ ಪೈಪನ್ನಲ್ಲ. ಅದಕ್ಕೆ ಕಾನೂನು ಬೇಕು.

ಕಾನೂನು ಇಲ್ಲ ಅಂತೇನೂ ಅಲ್ಲ. ಬೆಂಗಳೂರಿನ ಕೆರೆಗಳ ಬಗ್ಗೆ ಲಕ್ಷ್ಮಣ ರಾವ್ ಸಮಿತಿ 1980ರ ದಶಕದಲ್ಲೇ ಹೇಳಿತ್ತು. 2014ರಲ್ಲಿ ಕೆರೆ ಸಂರಕ್ಷಣೆಗೆಂದೇ ರಾಜ್ಯದ ಕಾಯ್ದೆ ಬಂತು. ಅದೇ ಬೆಂಗಳೂರಿನ ಜೆ.ಪಿ. ನಗರದ ಪುಟ್ಟೇನಹಳ್ಳಿಯಲ್ಲಿ ಕೆರೆ ಬದಿಯ ನಿವಾಸಿಗಳು 2010ರಲ್ಲಿ ಟ್ರಸ್ಟ್ ಮಾಡಿ, ಪಾಲಿಕೆಯ ಜೊತೆ ಒಪ್ಪಂದ ಮಾಡಿಕೊಂಡು, ತಾವೇ ಹಣ ಕೂಡಿಸಿ ನಿರ್ವಹಣೆಗೆ ಇಳಿದರು. ನಮ್ಮ ಕಾಲದ ಬಿತ್ತುವಟ್ಟ ಅಂದರೆ ಅದುವೇ. ಅಲ್ಲೂ ತೊಡಕು ತಪ್ಪಲಿಲ್ಲ. 2020ರಲ್ಲಿ ಹೈಕೋರ್ಟು ಕೆರೆಗಳನ್ನು ಖಾಸಗಿಯವರ ಜೊತೆ ಒಪ್ಪಂದಕ್ಕೆ ಕೊಡುವುದನ್ನು ತಡೆಯಿತು. ಕೆರೆ ಕಂಪೆನಿಗಳ ಕೈಗೆ ಹೋಗಬಾರದು ಅನ್ನುವ ಆತಂಕ ಸರಿಯೇ. ಆದರೆ ಕಂಪೆನಿಗೂ ಕೆರೆ ಬದಿಯ ಮನೆಯವರಿಗೂ ವ್ಯತ್ಯಾಸ ಇಲ್ಲವಾ? ಒಬ್ಬರಿಗೆ ಕೆರೆ ಬೋರ್ಡು ಹಾಕುವ ಜಾಗ, ಇನ್ನೊಬ್ಬರಿಗೆ ಬಾವಿಯ ನೀರು.

*

ಈಗ ಮತ್ತೆ ಬಿಜೈಗೆ. ನಮಗೆ ಇದರಿಂದ ಏನು ಅಂತ ಕೇಳಬಹುದು. 2018ರ ಮೇ 29ರ ಮಳೆ ನೆನಪಿದೆಯಾ? ಒಂದು ದಿನದ ಮಳೆಗೆ ಮಂಗಳೂರಿನ ತಗ್ಗು ಜಾಗಗಳೆಲ್ಲ ಮುಳುಗಿದವು. ಮರುವರ್ಷ, 2019ರ ಅದೇ ಮೇ ತಿಂಗಳಲ್ಲಿ, ತುಂಬೆಯಲ್ಲಿ ನೀರಿಲ್ಲದೆ ಊರಿಗೆ ರೇಷನ್ ಮಾಡಿ ನೀರು ಹಂಚಬೇಕಾಯಿತು. 2016ರಲ್ಲೂ ಬರ, 2023ರಲ್ಲೂ ಮತ್ತೆ ರೇಷನ್. ಅದೇ ಊರು, ಅದೇ ತಿಂಗಳು, ಒಂದು ವರ್ಷ ಮುಳುಗಡೆ, ಇನ್ನೊಂದು ವರ್ಷ ಕೊಡ ಹಿಡಿದು ಕಾಯುವುದು! ಗುಡ್ಡೆಯ ಮೇಲಿನ ನೀರು ನಿಲ್ಲಲು ಕೆರೆ ಇಲ್ಲ, ಹರಿಯಲು ತೋಡು ಇಲ್ಲ ಅಂದರೆ ಇನ್ನೇನಾಗಬೇಕು?

ನನಗೆ ತೋಚಿದ್ದು ಮೂರೇ ಮಾತು. ಒಂದು, ಕೆರೆಗೆ ಕಾಮಗಾರಿಯ ಹಣದ ಜೊತೆಯಲ್ಲೇ ಪ್ರತಿ ವರ್ಷದ ನಿರ್ವಹಣೆಯ ಹಣವನ್ನೂ ಬೇರೆಯಾಗಿ ತೆಗೆದಿಡಬೇಕು. ಎರಡು, ಕೆರೆಗೊಬ್ಬ ನೀರಗಂಟಿ ಬೇಕು, ಸಂಬಳದವನೇ ಆಗಲಿ, ಊರವರಿಗೆ ಅವನ ಹೆಸರು ಗೊತ್ತಿರಬೇಕು. ಮೂರು, ಅದಕ್ಕೊಂದು ದಿನ ಬೇಕು.

ಆ ದಿನವನ್ನು ಹುಡುಕುವ ಕಷ್ಟವೂ ನಮಗಿಲ್ಲ. ತುಳುವರ ಬೇಶ ತಿಂಗಳ ಹತ್ತನೇ ದಿನ, ಅಂದರೆ ಮೇ 24ರ ಸುಮಾರಿಗೆ, ಪತ್ತನಾಜೆ. ಅಂದಿಗೆ ಜಾತ್ರೆ, ಕೋಲ, ಆಟ ಎಲ್ಲ ಮುಗಿದು ಗೆಜ್ಜೆ ಬಿಚ್ಚುತ್ತಾರೆ. ಇನ್ನು ಮಳೆ ಹಿಡಿಯುವ ಮೊದಲು ಮಾಡು, ಸೌದೆ, ತೋಡು ನೋಡಿಕೊಳ್ಳಿ ಅಂತ ಹಿರಿಯರು ಇಟ್ಟ ಗಡು ಅದು. ಕೆರೆಯ ನೀರೂ ಆಗ ತಳದಲ್ಲಿರುತ್ತದೆ, ಯಾವ ಪೈಪಿನಿಂದ ಏನು ಇಳಿಯುತ್ತಿದೆ ಎಂದು ಬರಿಗಣ್ಣಿಗೇ ಕಾಣುತ್ತದೆ.

ಮುಂದಿನ ಪತ್ತನಾಜೆಗೆ ಮೊದಲು ನಮ್ಮ ಬೀದಿಯ ತೋಡು ಎಲ್ಲಿಂದ ಬರುತ್ತದೆ, ಎಲ್ಲಿಗೆ ಹೋಗುತ್ತದೆ ಅಂತ ನಡೆದು ನೋಡಬೇಕೆಂದಿದ್ದೇನೆ. ಗುಜ್ಜರಕೆರೆಯಲ್ಲಿ ನಕ್ಕ ಗೆಳೆಯನೂ ಬರುತ್ತಾನಂತೆ. ನಿಮ್ಮ ಮನೆಯ ಹತ್ತಿರದ ಕೆರೆ ಯಾವುದು? ಒಮ್ಮೆ ಹೋಗಿ ನೋಡಿಕೊಂಡು ಬನ್ನಿ..